ನೈಟ್ಸ್ ಆಫ್ ಪಿಥಿಯಸ್

ನೈಟ್ಸ್ ಆಫ್ ಪಿಥಿಯಸ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 19ನೆಯ ಶತಮಾನದಲ್ಲಿ ಹುಟ್ಟಿದ ಒಂದು ಭ್ರಾತೃಸಂಘ. ಸ್ನೇಹವನ್ನೇ ಮೂಲತತ್ತ್ವವನ್ನಾಗಿ ಸ್ವೀಕರಿಸಿದ ಈ ಸಂಘವು 1864ರ ಫೆಬ್ರವರಿ 19ರಂದು ವಾಷಿಂಗ್ಟನ್ ನಗರದಲ್ಲಿ ಸ್ಥಾಪಿತವಾಯಿತು. ಇದರ ಸ್ಥಾಪಕ ಜಸ್ಟಸ್ ಹೆನ್ರಿ ರಾತ್‌ಬೋನ್. ಪ್ರಾಚೀನ ಗ್ರೀಕ್ ಪರಂಪರೆಯ ಡೇಮನ್ ಮತ್ತು ಪಿಥಿಯಸ್ ಎಂಬ ಇಬ್ಬರು ಮಿತ್ರರ ಕಥೆಯಿಂದ ಸಂಘವು ತನ್ನ ಹೆಸರನ್ನೂ ಆದರ್ಶವನ್ನೂ ಪಡೆದಿದೆ. ಸ್ನೇಹ, ಔದಾರ್ಯ ಮತ್ತು ಪರೋಪಕಾರ ಇದರ ಮೂರು ಧ್ಯೇಯಗಳು. ಅಮೆರಿಕದ ಸಂಸತ್ತಿನ ಶಾಸನದ ಮೂಲಕ ಸನ್ನದು ಪಡೆದ ಮೊದಲ ಭ್ರಾತೃಸಂಘವೆಂಬ ಹಿರಿಮೆ ಇದಕ್ಕೆ ಸಲ್ಲುತ್ತದೆ. 1920ರ ದಶಕದ ಆರಂಭದಲ್ಲಿ 9 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಈ ಸಂಘ ಅನಂತರ ಕ್ಷೀಣಿಸಿತಾದರೂ ಅಮೆರಿಕ ಮತ್ತು ಕೆನಡಾಗಳಲ್ಲಿ ಇಂದಿಗೂ ಅಸ್ತಿತ್ವದಲ್ಲಿದೆ.

ಹೆಸರಿನ ಹಿಂದಿನ ಕಥೆ

ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರವನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ಡಯೊನೀಸಿಯಸ್ ಎಂಬ ಸರ್ವಾಧಿಕಾರಿ ಆಳುತ್ತಿದ್ದನು. ಪೈಥಾಗೊರಸನ ಅನುಯಾಯಿಗಳಾದ ಡೇಮನ್ ಮತ್ತು ಫಿಂಟಿಯಸ್ ಅಲ್ಲಿ ವಾಸವಾಗಿದ್ದ ಮಿತ್ರರು. ದೊರೆಯ ವಿರುದ್ಧ ಒಳಸಂಚು ಮಾಡಿದನೆಂಬ ಆಪಾದನೆಯ ಮೇಲೆ ಫಿಂಟಿಯಸನಿಗೆ ಮರಣದಂಡನೆ ವಿಧಿಸಲಾಯಿತು. ತನ್ನ ಮನೆವಾರ್ತೆಯನ್ನು ಒಂದು ನೆಲೆಗೆ ತರಲು ಸ್ವಲ್ಪ ಕಾಲಾವಕಾಶ ಬೇಕೆಂದು ಅವನು ಬೇಡಿದನು. ಅವನು ಹಿಂದಿರುಗುವವರೆಗೆ ತಾನು ಸೆರೆಯಲ್ಲಿರುವುದಾಗಿಯೂ, ಅವನು ಬಾರದಿದ್ದರೆ ತನ್ನ ತಲೆಯನ್ನೇ ಕೊಡುವುದಾಗಿಯೂ ಡೇಮನ್ ಹೊಣೆ ನಿಂತನು. ಫಿಂಟಿಯಸ್ ಇನ್ನು ಬರಲಾರನೆಂದು ಎಲ್ಲರೂ ನಗುತ್ತಿದ್ದಾಗ, ಗಡುವು ತೀರುವ ಹೊತ್ತಿಗೆ ಸರಿಯಾಗಿ ಅವನು ಓಡೋಡಿ ಬಂದು ತನ್ನನ್ನು ಒಪ್ಪಿಸಿಕೊಂಡನು. ಬೆರಗಾದ ಡಯೊನೀಸಿಯಸ್ ಇಬ್ಬರನ್ನೂ ಬಿಡುಗಡೆ ಮಾಡಿ, ತನ್ನನ್ನು ಮೂರನೆಯ ಮಿತ್ರನನ್ನಾಗಿ ಸೇರಿಸಿಕೊಳ್ಳುವಂತೆ ಕೇಳಿಕೊಂಡನು.

ಈ ಕಥೆ ಹಲವು ಪ್ರಾಚೀನ ಗ್ರಂಥಗಳಲ್ಲಿ ದೊರೆಯುತ್ತದೆ. ಇತಿಹಾಸಕಾರ ಡಿಯೊಡೊರಸ್ ಸಿಕ್ಯುಲಸ್, ರೋಮನ್ ವಾಗ್ಮಿ ಸಿಸಿರೊ ಮತ್ತು ವಲೇರಿಯಸ್ ಮ್ಯಾಕ್ಸಿಮಸ್ ಇದನ್ನು ಹೇಳಿದ್ದಾರೆ. ಇವೆಲ್ಲಕ್ಕೂ ಹಿಂದಿನದು ಅರಿಸ್ಟಾಟಲನ ಶಿಷ್ಯ ಅರಿಸ್ಟೊಕ್ಸೆನಸನ ನಿರೂಪಣೆ. ಅದು ಇಯಾಂಬ್ಲಿಕಸನ ಗ್ರಂಥದ ಮೂಲಕ ಉಳಿದುಬಂದಿದೆ. ಅರಿಸ್ಟೊಕ್ಸೆನಸನಿಗೆ ಈ ಕಥೆಯನ್ನು ಹೇಳಿದವನು ಸ್ವತಃ ಕಿರಿಯ ಡಯೊನೀಸಿಯಸ್. ಅಧಿಕಾರ ಕಳೆದುಕೊಂಡು ಕಾರಿಂತ್ ನಗರಕ್ಕೆ ಗಡೀಪಾರಾದ ಅವನು ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಹೊಟ್ಟೆ ಹೊರೆಯುತ್ತಿದ್ದನೆಂದು ಈ ನಿರೂಪಣೆಯಲ್ಲಿದೆ. ಪೈಥಾಗೊರಸನ ಅನುಯಾಯಿಗಳ ಸ್ನೇಹ ನಿಜವೋ ನಟನೆಯೋ ಎಂಬುದನ್ನು ತಿಳಿಯಲು ಆಸ್ಥಾನಿಕರು ಬೇಕೆಂದೇ ಈ ಆಪಾದನೆಯನ್ನು ಹೊರಿಸಿದರು ಎಂಬುದು ಅದರ ವಿಶೇಷ. ಕೊನೆಯಲ್ಲಿ ದೊರೆ ಎಷ್ಟು ಒತ್ತಾಯಿಸಿದರೂ ಮಿತ್ರರು ಅವನನ್ನು ಮೂರನೆಯವನನ್ನಾಗಿ ಸೇರಿಸಿಕೊಳ್ಳಲು ಒಪ್ಪಲಿಲ್ಲ ಎಂದೂ ಅದರಲ್ಲಿ ಹೇಳಿದೆ. ಸಿಸಿರೊ ಮುಂತಾದವರು ಘಟನೆಯನ್ನು ಹಿರಿಯ ಡಯೊನೀಸಿಯಸನ ಕಾಲಕ್ಕೆ ಸೇರಿಸುತ್ತಾರೆ.

‘ಪಿಥಿಯಸ್’ ಎಂಬುದು ‘ಫಿಂಟಿಯಸ್’ ಎಂಬ ಗ್ರೀಕ್ ಹೆಸರಿನ ಅಪಭ್ರಂಶ ರೂಪ. ಇಂಗ್ಲಿಷ್ ಸಾಹಿತ್ಯದಲ್ಲಿ ಈ ರೂಪವೇ ನೆಲೆಗೊಂಡದ್ದರಿಂದ ಸಂಘದ ಹೆಸರಿನಲ್ಲಿಯೂ ಅದೇ ಉಳಿಯಿತು.

ಸಾಹಿತ್ಯದಲ್ಲಿ ಕಥೆಯ ಪ್ರಸಾರ

ಇಂಗ್ಲೆಂಡಿನಲ್ಲಿ ರಿಚರ್ಡ್ ಎಡ್ವರ್ಡ್ಸ್ ಈ ವಸ್ತುವನ್ನು ಕುರಿತು ಬರೆದ ನಾಟಕ 1571ರಲ್ಲಿ ಮುದ್ರಣಗೊಂಡಿತು. ಜರ್ಮನ್ ಕವಿ ಶಿಲ್ಲರ್ 1798ರಲ್ಲಿ ಇದನ್ನು ಕಥನಕವನವನ್ನಾಗಿಸಿದನು. ಅದರ ಶೀರ್ಷಿಕೆಗೆ ‘ಜಾಮೀನು’ ಎಂದೇ ಅರ್ಥ. ಉಕ್ಕೇರಿದ ಹೊಳೆ, ದಾರಿಗಳ್ಳರು, ಸುಡುಬಿಸಿಲು ಮುಂತಾದ ಅಡೆತಡೆಗಳನ್ನು ದಾಟಿ ನಾಯಕನು ಓಡಿಬರುವ ಚಿತ್ರಣ ಆ ಕವನದ ಜೀವಾಳ. ಸಂಗೀತಕಾರ ಶೂಬರ್ಟ್ ಅದಕ್ಕೆ ರಾಗಸಂಯೋಜನೆ ಮಾಡಿದನು. ಶಿಲ್ಲರನ ಕವನವನ್ನು ಆಧರಿಸಿ ಜಪಾನಿನ ಲೇಖಕ ದಜಾಯ್ ಒಸಾಮು 1940ರಲ್ಲಿ ಬರೆದ ‘ಓಡು, ಮೆಲೊಸ್’ ಎಂಬ ಸಣ್ಣಕಥೆ ಅಲ್ಲಿನ ಶಾಲಾ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದು ಮನೆಮಾತಾಗಿದೆ.

ಸಂಘದ ಹುಟ್ಟಿಗೆ ನೇರ ಪ್ರೇರಣೆಯಾದದ್ದು ಐರ್ಲೆಂಡಿನ ಲೇಖಕ ಜಾನ್ ಬ್ಯಾನಿಮ್ ರಚಿಸಿದ ‘ಡೇಮನ್ ಮತ್ತು ಪಿಥಿಯಸ್’ ನಾಟಕ. ಇದು 1821ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಅಮೆರಿಕದಲ್ಲಿಯೂ ಪ್ರಸಿದ್ಧ ನಟ ಎಡ್ವಿನ್ ಫಾರೆಸ್ಟನ ಅಭಿನಯದಿಂದ ಜನಪ್ರಿಯವಾಯಿತು. ಈ ನಾಟಕದಲ್ಲಿ ಪ್ರಾಚೀನ ಕಥೆಯ ಪಾತ್ರಗಳು ಅದಲುಬದಲಾಗಿವೆ. ಮರಣದಂಡನೆಗೆ ಗುರಿಯಾಗುವವನು ಡೇಮನ್, ಅವನಿಗಾಗಿ ಹೊಣೆ ನಿಲ್ಲುವವನು ಪಿಥಿಯಸ್. ಮಿತ್ರನಿಗಾಗಿ ತನ್ನ ಪ್ರಾಣವನ್ನು ಒತ್ತೆಯಿಟ್ಟವನ ಹೆಸರನ್ನೇ ಸಂಘವು ಧರಿಸಿರುವುದು ಇದರಿಂದ ಸ್ಪಷ್ಟವಾಗುತ್ತದೆ.

ಕೊಟ್ಟ ಮಾತಿಗಾಗಿ ಸಾವಿನೆಡೆಗೆ ಮರಳಿ ಬರುವ ಆಶಯ ಕನ್ನಡಿಗರಿಗೆ ಪುಣ್ಯಕೋಟಿಯ ಕಥೆಯಿಂದ ಚಿರಪರಿಚಿತ. ಕರುವಿಗೆ ಹಾಲೂಡಿಸಿ ಬರುವೆನೆಂದು ಹುಲಿಗೆ ಭಾಷೆ ಕೊಟ್ಟ ಹಸು ಅದರಂತೆ ಹಿಂದಿರುಗುತ್ತದೆ. ಕ್ರೂರಿಯ ಮನಸ್ಸು ಕರಗುವುದು ಎರಡೂ ಕಥೆಗಳಿಗೆ ಸಮಾನ. ಆದರೆ ಪುಣ್ಯಕೋಟಿಗೆ ಯಾರೂ ಜಾಮೀನು ನಿಲ್ಲುವುದಿಲ್ಲ. ಅಲ್ಲಿ ಮೆರೆಯುವುದು ಸತ್ಯನಿಷ್ಠೆ. ಗ್ರೀಕ್ ಕಥೆಯಲ್ಲಿ ಸತ್ಯದೊಡನೆ ಒಬ್ಬನು ಮತ್ತೊಬ್ಬನ ಮೇಲೆ ಇಟ್ಟ ನಂಬಿಕೆಯೂ ಪರೀಕ್ಷೆಗೆ ಒಳಗಾಗುತ್ತದೆ. ಇವೆರಡೂ ಸ್ವತಂತ್ರ ಪರಂಪರೆಗಳ ಕಥೆಗಳು.

ಸ್ಥಾಪಕ ರಾತ್‌ಬೋನ್

ಜಸ್ಟಸ್ ಹೆನ್ರಿ ರಾತ್‌ಬೋನ್ 1839ರ ಅಕ್ಟೋಬರ್ 29ರಂದು ನ್ಯೂಯಾರ್ಕ್ ರಾಜ್ಯದ ಡೀರ್‌ಫೀಲ್ಡ್‌ನಲ್ಲಿ ಜನಿಸಿದನು. ಸಂಗೀತ ಮತ್ತು ನಾಟಕಗಳಲ್ಲಿ ಅವನಿಗೆ ವಿಶೇಷ ಆಸಕ್ತಿಯಿತ್ತು. ಇಪ್ಪತ್ತರ ಹರೆಯದಲ್ಲಿ ಅವನು ಮಿಷಿಗನ್ ರಾಜ್ಯದ ಈಗಲ್ ಹಾರ್ಬರ್ ಎಂಬ ಊರಿನಲ್ಲಿ ಉಪಾಧ್ಯಾಯನಾದನು. ಸುಪೀರಿಯರ್ ಸರೋವರದ ದಡದಲ್ಲಿರುವ ಆ ಊರು ತಾಮ್ರದ ಗಣಿಗಳ ಪ್ರದೇಶಕ್ಕೆ ಸೇರಿದ್ದು. ಅಲ್ಲಿನ ಪುಟ್ಟ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಬ್ಯಾನಿಮನ ನಾಟಕ ಅವನ ಮನಸ್ಸನ್ನು ಸೆರೆಹಿಡಿಯಿತು. ಅದರ ಆಧಾರದ ಮೇಲೆ ಸ್ನೇಹವನ್ನು ಬೋಧಿಸುವ ದೀಕ್ಷಾವಿಧಿಯೊಂದನ್ನು ಅವನು ಬರೆಯತೊಡಗಿದನು. ಆ ಶಾಲಾಕಟ್ಟಡವನ್ನು ಸಂಘದ ನೆನಪಿಗಾಗಿ ಸಂರಕ್ಷಿಸಲಾಗಿದ್ದು, ಈಗ ಅದು ವಸ್ತುಸಂಗ್ರಹಾಲಯವಾಗಿದೆ.

ಮುಂದೆ ರಾತ್‌ಬೋನ್ ವಾಷಿಂಗ್ಟನ್ ನಗರಕ್ಕೆ ಬಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದನು. 1889ರ ಡಿಸೆಂಬರ್ 9ರಂದು ಒಹಾಯೊ ರಾಜ್ಯದ ಲೈಮಾ ಎಂಬಲ್ಲಿ ನಿಧನ ಹೊಂದಿದನು. ಅವನ ಸಮಾಧಿ ನ್ಯೂಯಾರ್ಕ್ ರಾಜ್ಯದ ಯೂಟಿಕಾ ನಗರದಲ್ಲಿದೆ.

ಸಂಘದ ಸ್ಥಾಪನೆ

1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧ 1864ರ ವೇಳೆಗೆ ಮೂರನೆಯ ವರ್ಷ ದಾಟುವ ಹಂತದಲ್ಲಿತ್ತು. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಈ ಯುದ್ಧದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎದುರುಬದುರು ಸೇನೆಗಳಲ್ಲಿ ನಿಂತ ನಿದರ್ಶನಗಳಿವೆ. ರಾಜಧಾನಿ ವಾಷಿಂಗ್ಟನ್ ಗಾಯಾಳು ಸೈನಿಕರ ಆಸ್ಪತ್ರೆಗಳಿಂದ ತುಂಬಿಹೋಗಿತ್ತು. ಯುದ್ಧಕಾಲದ ಆಡಳಿತಕ್ಕಾಗಿ ಬೇರೆ ಬೇರೆ ಊರುಗಳಿಂದ ಬಂದಿದ್ದ ಯುವ ಗುಮಾಸ್ತರು ಬಂಧುಬಳಗದಿಂದ ದೂರವಾಗಿ ಬಾಡಿಗೆ ಕೋಣೆಗಳಲ್ಲಿ ದಿನ ಕಳೆಯುತ್ತಿದ್ದರು. ಅಪರಿಚಿತರ ನಡುವೆ ಪರಸ್ಪರ ಆಸರೆಯಾಗುವ ಒಂದು ಕೂಟದ ಅಗತ್ಯ ಅವರಿಗಿತ್ತು.

ಇಂತಹ ಸನ್ನಿವೇಶದಲ್ಲಿ ರಾತ್‌ಬೋನ್ ತನ್ನ ಕೆಲವು ಗೆಳೆಯರಿಗೆ ತಾನು ಬರೆದಿದ್ದ ವಿಧಿಯನ್ನು ಓದಿ ಹೇಳಿದನು. ಅವರ ಒಪ್ಪಿಗೆಯೊಡನೆ 1864ರ ಫೆಬ್ರವರಿ 19ರಂದು ಟೆಂಪರೆನ್ಸ್ ಹಾಲ್ ಎಂಬ ಸಭಾಂಗಣದಲ್ಲಿ ಸಭೆ ಸೇರಿ ‘ವಾಷಿಂಗ್ಟನ್ ಲಾಡ್ಜ್ ಸಂಖ್ಯೆ 1’ ಅನ್ನು ಸ್ಥಾಪಿಸಲಾಯಿತು. ಮೊದಲ ಸದಸ್ಯರಲ್ಲಿ ಬಹುಮಂದಿ ಸರ್ಕಾರಿ ನೌಕರರು.

ಆರಂಭದ ದಿನಗಳು ಸುಗಮವಾಗಿರಲಿಲ್ಲ. ಸದಸ್ಯರಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಿ, ಸ್ಥಾಪಕನೇ ಕೆಲಕಾಲ ಸಂಘದಿಂದ ಹೊರನಡೆದನು. ಸ್ನೇಹಕ್ಕಾಗಿಯೇ ಹುಟ್ಟಿದ ಸಂಘ ತನ್ನವರ ಮನಸ್ತಾಪದಿಂದಲೇ ಮುಳುಗುವ ಸ್ಥಿತಿ ತಲುಪಿತು. ‘ಫ್ರಾಂಕ್ಲಿನ್ ಲಾಡ್ಜ್ ಸಂಖ್ಯೆ 2’ ಎಂಬ ಶಾಖೆಯೊಂದೇ ಆ ಕಷ್ಟಕಾಲದಲ್ಲಿ ಉಳಿದುಕೊಂಡು ಸಂಘಕ್ಕೆ ಮರುಜೀವ ನೀಡಿತು. ರಾತ್‌ಬೋನ್ ಅನಂತರ ಸಂಘಕ್ಕೆ ಮರಳಿದನು. ಯುದ್ಧ ಮುಗಿದ ಬಳಿಕ ಸಂಘ ಶೀಘ್ರವಾಗಿ ಇತರ ರಾಜ್ಯಗಳಿಗೆ ಹರಡಿತು. 1868ರಲ್ಲಿ ರಾಷ್ಟ್ರಮಟ್ಟದ ‘ಸುಪ್ರೀಂ ಲಾಡ್ಜ್’ ರಚನೆಯಾಯಿತು. ನ್ಯೂಜೆರ್ಸಿಯ ಸ್ಯಾಮ್ಯುಯೆಲ್ ರೀಡ್ ಅದರ ಮೊದಲ ಮುಖ್ಯಸ್ಥನಾದನು.

1870ರಲ್ಲಿ ಅಮೆರಿಕದ ಸಂಸತ್ತಿನ ಶಾಸನದ ಅಡಿಯಲ್ಲಿ ಸಂಘಕ್ಕೆ ಸನ್ನದು ದೊರೆಯಿತು. ಅಧ್ಯಕ್ಷ ಅಬ್ರಹಾಂ ಲಿಂಕನ್ ಈ ಸಂಘದ ಉದ್ದೇಶಗಳನ್ನು ಮೆಚ್ಚಿ, ಸಂಸತ್ತಿನಿಂದ ಸನ್ನದು ಪಡೆಯುವಂತೆ ಸೂಚಿಸಿದನೆಂಬ ಐತಿಹ್ಯ ಸದಸ್ಯರಲ್ಲಿ ಪ್ರಚಲಿತವಾಗಿದೆ. ಸನ್ನದು ದೊರೆತದ್ದು ಲಿಂಕನ್ ಹತ್ಯೆಯಾದ ಐದು ವರ್ಷಗಳ ಅನಂತರ.

ಸಂಘಟನೆ ಮತ್ತು ದೀಕ್ಷೆ

ಸಂಘದ ಸ್ಥಳೀಯ ಶಾಖೆಗೆ ‘ಲಾಡ್ಜ್’ ಎಂದು ಹೆಸರು. ಕನ್ನಡದ ಆಡುಮಾತಿನಲ್ಲಿ ಈ ಪದಕ್ಕೆ ಪ್ರವಾಸಿಗರ ವಸತಿಗೃಹವೆಂಬ ಅರ್ಥ ರೂಢಿಯಲ್ಲಿದ್ದರೂ, ಇಲ್ಲಿ ಅದು ಸದಸ್ಯರು ಸಭೆ ಸೇರುವ ಘಟಕವನ್ನು ಸೂಚಿಸುತ್ತದೆ. ಹಿಂದೆ ಶಾಖೆಗಳನ್ನು ‘ಕ್ಯಾಸಲ್’, ಅಂದರೆ ಕೋಟೆ ಎಂದೂ ಕರೆಯುತ್ತಿದ್ದರು. ಸ್ಥಳೀಯ ಲಾಡ್ಜ್‌ಗಳ ಮೇಲೆ ರಾಜ್ಯಮಟ್ಟದ ‘ಗ್ರ್ಯಾಂಡ್ ಲಾಡ್ಜ್’, ಅವುಗಳ ಮೇಲೆ ‘ಸುಪ್ರೀಂ ಲಾಡ್ಜ್’ ಹೀಗೆ ಮೂರು ಹಂತಗಳಿವೆ. ಸ್ಥಳೀಯ ಶಾಖೆಯ ಮುಖ್ಯಸ್ಥನಿಗೆ ‘ಚಾನ್ಸಲರ್ ಕಮಾಂಡರ್’ ಎಂಬ ಬಿರುದಿದೆ. ಪ್ರಾರ್ಥನೆ ನಡೆಸುವವನು, ದಾಖಲೆ ಮತ್ತು ಮುದ್ರೆಗಳ ಪಾಲಕ, ಹಣಕಾಸು ನೋಡಿಕೊಳ್ಳುವವನು, ಒಳಬಾಗಿಲ ಕಾವಲುಗಾರ, ಹೊರಬಾಗಿಲ ಕಾವಲುಗಾರ ಮುಂತಾದವರು ಇತರ ಪದಾಧಿಕಾರಿಗಳು.

ಸದಸ್ಯನಾಗುವವನು ಪರಮಶಕ್ತಿಯೊಂದರಲ್ಲಿ ನಂಬಿಕೆಯುಳ್ಳವನಾಗಿರಬೇಕು. ಯಾವುದೇ ನಿರ್ದಿಷ್ಟ ಮತಕ್ಕೆ ಸೇರಿರಬೇಕೆಂಬ ನಿಬಂಧನೆಯಿಲ್ಲ. ಸದಸ್ಯನು ಮೂರು ಶ್ರೇಣಿಗಳನ್ನು ಕ್ರಮವಾಗಿ ದಾಟುತ್ತಾನೆ. ಅವು ‘ಪೇಜ್’, ‘ಎಸ್ಕ್ವಯರ್’ ಮತ್ತು ‘ನೈಟ್’. ಮಧ್ಯಯುಗದ ಯೂರೋಪಿನಲ್ಲಿ ವೀರಯೋಧನಾಗುವವನು ಮೊದಲು ಪ್ರಭುವಿನ ಮನೆಯಲ್ಲಿ ಊಳಿಗದ ಹುಡುಗನಾಗಿ, ಅನಂತರ ಯೋಧನೊಬ್ಬನ ಸಹಾಯಕನಾಗಿ ದುಡಿದು ಕೊನೆಗೆ ನೈಟ್ ಪದವಿಗೇರುತ್ತಿದ್ದನು. ಸಂಘದ ಶ್ರೇಣಿಗಳ ಹೆಸರುಗಳು ಈ ಪದ್ಧತಿಯಿಂದ ಬಂದಿವೆ. ಹೀಗಾಗಿ ಗ್ರೀಕ್ ಕಥೆಯ ತಿರುಳು ಮತ್ತು ಮಧ್ಯಯುಗದ ವೇಷಭೂಷಣಗಳು ಇದರ ವಿಧಿಗಳಲ್ಲಿ ಬೆರೆತುಹೋಗಿವೆ. ದೀಕ್ಷೆಯು ನಾಟಕದಂತೆ ನಡೆಯುತ್ತದೆ. ಡೇಮನ್, ಪಿಥಿಯಸ್ ಮತ್ತು ಡಯೊನೀಸಿಯಸರ ಪ್ರಸಂಗ ಅದರ ಕೇಂದ್ರವಸ್ತು.

ಸಂಘದ ಬಣ್ಣಗಳು ನೀಲಿ, ಹಳದಿ ಮತ್ತು ಕೆಂಪು. ಇವು ಕ್ರಮವಾಗಿ ಸ್ನೇಹ, ಔದಾರ್ಯ ಮತ್ತು ಪರೋಪಕಾರಗಳ ಸಂಕೇತಗಳು. ಈ ಮೂರು ಧ್ಯೇಯಗಳ ಇಂಗ್ಲಿಷ್ ಮೊದಲಕ್ಷರಗಳಾದ ಎಫ್, ಸಿ, ಬಿ ಲಾಂಛನದಲ್ಲಿ ಕಾಣುತ್ತವೆ. ಯೋಧನ ಶಿರಸ್ತ್ರಾಣ, ಗುರಾಣಿ, ಖಡ್ಗಗಳೂ ಲಾಂಛನಗಳಲ್ಲಿ ಬಳಕೆಯಾಗಿವೆ.

ಪರಸ್ಪರ ನೆರವು ಮತ್ತು ವಿಮೆ

ಅಂತರ್ಯುದ್ಧದ ಅನಂತರದ ಅರ್ಧ ಶತಮಾನವನ್ನು ಅಮೆರಿಕದ ಭ್ರಾತೃಸಂಘಗಳ ಸುವರ್ಣಯುಗವೆನ್ನುತ್ತಾರೆ. 1819ರಲ್ಲಿ ಬಾಲ್ಟಿಮೋರ್ ನಗರದಲ್ಲಿ ನೆಲೆಯೂರಿದ್ದ ಆಡ್ ಫೆಲೋಸ್ ಸಂಘ, ಅದಕ್ಕೂ ಹಿಂದಿನ ಫ್ರೀಮೇಸನರ ಸಂಘಗಳು ಮತ್ತು ನೈಟ್ಸ್ ಆಫ್ ಪಿಥಿಯಸ್ ಅವುಗಳಲ್ಲಿ ಪ್ರಮುಖವಾದವು. ಇವುಗಳ ಜನಪ್ರಿಯತೆಗೆ ದೀಕ್ಷೆಯ ರೋಚಕತೆಯೊಂದೇ ಕಾರಣವಲ್ಲ. ಅಂದು ಅಮೆರಿಕದಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯ ವೇತನವಾಗಲಿ, ನಿರುದ್ಯೋಗ ಭತ್ಯೆಯಾಗಲಿ ಇರಲಿಲ್ಲ. ದುಡಿಯುವ ಯಜಮಾನ ಹಾಸಿಗೆ ಹಿಡಿದರೆ ಸಂಸಾರ ಬೀದಿಗೆ ಬೀಳುತ್ತಿತ್ತು. ಲಾಡ್ಜ್‌ಗೆ ನಿಯಮಿತವಾಗಿ ಚಂದಾ ಸಲ್ಲಿಸುತ್ತಿದ್ದ ಸದಸ್ಯನಿಗೆ ಕಾಯಿಲೆಯ ದಿನಗಳಲ್ಲಿ ಧನಸಹಾಯ ದೊರೆಯುತ್ತಿತ್ತು. ಸದಸ್ಯರು ಸರದಿಯಂತೆ ರೋಗಿಯ ಮನೆಗೆ ಭೇಟಿ ನೀಡುತ್ತಿದ್ದರು. ಅವನು ತೀರಿಕೊಂಡರೆ ಅಂತ್ಯಕ್ರಿಯೆಯ ವೆಚ್ಚ, ವಿಧವೆ ಮತ್ತು ಅನಾಥ ಮಕ್ಕಳ ನೆರವು ಸಂಘದ ಕರ್ತವ್ಯವಾಗಿತ್ತು. ‘ಒಬ್ಬನಿಗಾಗಿ ಮತ್ತೊಬ್ಬನು ಹೊಣೆ’ ಎಂಬ ಡೇಮನ್-ಪಿಥಿಯಸರ ತತ್ತ್ವ ನಿತ್ಯಜೀವನದಲ್ಲಿ ಪಡೆದ ರೂಪ ಇದು.

1877ರಲ್ಲಿ ‘ಎಂಡೋಮೆಂಟ್ ರ್‍ಯಾಂಕ್’ ಎಂಬ ಜೀವವಿಮಾ ವಿಭಾಗ ಆರಂಭವಾಯಿತು. ಆ ಕಾಲದ ಬಹುತೇಕ ಭ್ರಾತೃಸಂಘಗಳು ಸದಸ್ಯನೊಬ್ಬ ಸತ್ತಾಗ ಉಳಿದವರಿಂದ ವಂತಿಗೆ ಎತ್ತಿ ಅವನ ಕುಟುಂಬಕ್ಕೆ ಕೊಡುವ ಸರಳ ಪದ್ಧತಿಯನ್ನು ಅನುಸರಿಸುತ್ತಿದ್ದವು. ಸದಸ್ಯರೆಲ್ಲ ಯುವಕರಾಗಿದ್ದಾಗ ಇದು ಸಲೀಸಾಗಿ ನಡೆಯುತ್ತದೆ. ವಯಸ್ಸು ಕಳೆದಂತೆ ಮರಣಗಳು ಹೆಚ್ಚಿ, ವಂತಿಗೆಯ ಭಾರ ಏರಿ, ಕಿರಿಯರು ಸೇರಲು ಹಿಂಜರಿಯುತ್ತಾರೆ. ಆದುದರಿಂದ ಇಂತಹ ವಿಭಾಗಗಳು ಕಾಲಕ್ರಮದಲ್ಲಿ ವಯಸ್ಸಿಗೆ ತಕ್ಕ ಕಂತು ಮತ್ತು ಮೀಸಲು ನಿಧಿಯನ್ನುಳ್ಳ ವ್ಯವಸ್ಥಿತ ವಿಮೆಯ ಕಡೆಗೆ ಹೊರಳಬೇಕಾಯಿತು. ನೈಟ್ಸ್ ಆಫ್ ಪಿಥಿಯಸ್‌ನ ವಿಮಾ ವಿಭಾಗ 1930ರಲ್ಲಿ ಸಂಘದಿಂದ ಬೇರ್ಪಟ್ಟು ಸ್ವತಂತ್ರ ಕಂಪನಿಯಾಯಿತು. 1936ರಲ್ಲಿ ಮತ್ತೊಂದು ಕಂಪನಿಯೊಡನೆ ವಿಲೀನಗೊಂಡು ಇಂಡಿಯಾನಾಪೊಲಿಸ್ ನಗರದ ‘ಅಮೆರಿಕನ್ ಯುನೈಟೆಡ್ ಲೈಫ್’ ವಿಮಾ ಸಂಸ್ಥೆಯಾಗಿ ಬೆಳೆಯಿತು.

ಅನಾಥ ಮಕ್ಕಳಿಗೂ ವೃದ್ಧ ಸದಸ್ಯರಿಗೂ ಸಂಘವು ಹಲವು ರಾಜ್ಯಗಳಲ್ಲಿ ಆಶ್ರಯಧಾಮಗಳನ್ನು ನಡೆಸಿತು. ಮಿಸ್ಸೂರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1913ರಲ್ಲಿ ನಿರ್ಮಿಸಿದ, ಕೋಟೆಯನ್ನು ಹೋಲುವ ಧಾಮ ಇವುಗಳಲ್ಲಿ ಪ್ರಸಿದ್ಧವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯು ಆ ಕಟ್ಟಡವನ್ನು ವಹಿಸಿಕೊಂಡಿತ್ತು.

ಅಂಗಸಂಸ್ಥೆಗಳು

1870ರ ದಶಕದ ಕೊನೆಯ ವೇಳೆಗೆ ‘ಯೂನಿಫಾರ್ಮ್ ರ್‍ಯಾಂಕ್’ ಎಂಬ ಸಮವಸ್ತ್ರಧಾರಿ ವಿಭಾಗ ರೂಪುಗೊಂಡಿತು. ಖಡ್ಗ ಧರಿಸಿ ಮೆರವಣಿಗೆಗಳಲ್ಲಿ ಸಾಗುವುದು, ಕವಾಯತು ಸ್ಪರ್ಧೆಗಳಲ್ಲಿ ಪಾಲ್ಗೊಳ್ಳುವುದು ಇದರ ಚಟುವಟಿಕೆಗಳು. ವಿನೋದ ಮತ್ತು ನಾಟಕಗಳಿಗಾಗಿ 1894ರಲ್ಲಿ ‘ಡ್ರಾಮ್ಯಾಟಿಕ್ ಆರ್ಡರ್ ಆಫ್ ದಿ ನೈಟ್ಸ್ ಆಫ್ ಖೊರಾಸಾನ್’ ಎಂಬ ಶಾಖೆ ಹುಟ್ಟಿತು.

ಮುಖ್ಯ ಸಂಘದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಸದಸ್ಯರ ಪತ್ನಿಯರು, ತಾಯಂದಿರು, ಹೆಣ್ಣುಮಕ್ಕಳು ಮತ್ತು ಸೋದರಿಯರಿಗಾಗಿ 1888ರಲ್ಲಿ ಇಂಡಿಯಾನಾ ರಾಜ್ಯದ ವಾರ್ಸಾ ಎಂಬ ಊರಿನಲ್ಲಿ ಮಹಿಳಾ ಸಂಘವೊಂದು ಆರಂಭವಾಯಿತು. ಅದೇ ವರ್ಷ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿಯೂ ಪ್ರತ್ಯೇಕವಾಗಿ ಮತ್ತೊಂದು ಮಹಿಳಾ ಸಂಘ ತಲೆಯೆತ್ತಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಇವೆರಡೂ ಒಂದಾಗಿ ‘ಪಿಥಿಯನ್ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ ಮುಂದುವರಿದವು.

ವರ್ಣಭೇದ ಮತ್ತು ಕರಿಯರ ಪ್ರತ್ಯೇಕ ಸಂಘ

ಸ್ನೇಹವನ್ನು ಸಾರಿದ ಸಂಘದ ಇತಿಹಾಸದಲ್ಲಿ ಅತ್ಯಂತ ವಿವಾದಾಸ್ಪದವಾದ ಅಧ್ಯಾಯ ಕಪ್ಪು ಜನರ ಬಗೆಗಿನ ಅದರ ಧೋರಣೆ. ಅಂತರ್ಯುದ್ಧದ ಫಲವಾಗಿ 1865ರಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕ ಗುಲಾಮಗಿರಿ ರದ್ದಾಗಿತ್ತು. ಫಿಲಡೆಲ್ಫಿಯಾದ ಕಪ್ಪು ಜನರು ತಮಗೊಂದು ಲಾಡ್ಜ್ ತೆರೆಯಲು ಅನುಮತಿ ಕೋರಿದಾಗ, 1869ರಲ್ಲಿ ರಿಚ್ಮಂಡ್ ನಗರದಲ್ಲಿ ಸೇರಿದ ಸುಪ್ರೀಂ ಲಾಡ್ಜ್ ಆ ಕೋರಿಕೆಯನ್ನು ತಿರಸ್ಕರಿಸಿತು. ಸದಸ್ಯತ್ವವು ಬಿಳಿಯರಿಗೆ ಮಾತ್ರ ಮೀಸಲಾಯಿತು.

ಇದರಿಂದ ಎದೆಗುಂದದ ಕಪ್ಪು ಜನರು ತಮ್ಮದೇ ಸಂಘವನ್ನು ಕಟ್ಟಿದರು. ಅದರ ಮೊದಲ ಲಾಡ್ಜ್ 1880ರ ಮಾರ್ಚ್ 26ರಂದು ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ ಆರಂಭವಾಯಿತು. ಇದರ ಮುಂದಾಳು ಥಾಮಸ್ ಡಬ್ಲ್ಯು. ಸ್ಟ್ರಿಂಜರ್. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾಗಿದ್ದ ಅವನು ರಾಜ್ಯದ ಸೆನೆಟ್ ಸದಸ್ಯನೂ ಆಗಿದ್ದನು. ಮುಖಚರ್ಯೆಯಲ್ಲಿ ಬಿಳಿಯರಂತೆಯೇ ಕಾಣುತ್ತಿದ್ದ ಕೆಲವರು ಬಿಳಿಯರ ಲಾಡ್ಜ್‌ನಲ್ಲಿ ದೀಕ್ಷೆ ಪಡೆದು ವಿಧಿಗಳನ್ನು ಅರಿತುಬಂದರೆಂಬ ಹೇಳಿಕೆಯಿದೆ. ಹೊಸ ಸಂಘವು ‘ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ಯೂರೋಪ್, ಏಷ್ಯಾ, ಆಫ್ರಿಕ ಮತ್ತು ಆಸ್ಟ್ರೇಲಿಯಗಳ ನೈಟ್ಸ್ ಆಫ್ ಪಿಥಿಯಸ್’ ಎಂಬ ದೀರ್ಘ ಹೆಸರನ್ನು ತಳೆಯಿತು. ಒಂದು ಜನಾಂಗಕ್ಕೆ ಸೀಮಿತವಾದ ಮೂಲ ಸಂಘಕ್ಕೆ ಎದುರಾಗಿ ಭೂಖಂಡಗಳನ್ನೆಲ್ಲ ಒಳಗೊಂಡ ಹೆಸರು ಇದು.

ಕಪ್ಪು ಜನರಿಗೆ ಈ ಸಂಘ ಕೇವಲ ಸ್ನೇಹಕೂಟವಾಗಿರಲಿಲ್ಲ. ಬಿಳಿಯರ ಬ್ಯಾಂಕುಗಳೂ ವಿಮಾ ಕಂಪನಿಗಳೂ ಅವರನ್ನು ದೂರವಿಟ್ಟಿದ್ದ ಕಾಲದಲ್ಲಿ ವಿಮೆ, ಶವಸಂಸ್ಕಾರದ ನೆರವು, ಸಭಾಭವನ, ನಾಯಕತ್ವದ ತರಬೇತಿ ಇವೆಲ್ಲವೂ ಅವರಿಗೆ ಇಂತಹ ಸಂಘಗಳಿಂದಲೇ ದೊರೆಯಬೇಕಿತ್ತು.

ಜಾರ್ಜಿಯಾ ರಾಜ್ಯದ ಬಿಳಿಯರ ಗ್ರ್ಯಾಂಡ್ ಲಾಡ್ಜ್, ಕಪ್ಪು ಜನರ ಸಂಘವು ‘ನೈಟ್ಸ್ ಆಫ್ ಪಿಥಿಯಸ್’ ಎಂಬ ಹೆಸರನ್ನೂ ಲಾಂಛನಗಳನ್ನೂ ಬಳಸಕೂಡದೆಂದು ದಾವೆ ಹೂಡಿತು. ರಾಜ್ಯದ ನ್ಯಾಯಾಲಯಗಳು ಬಿಳಿಯರ ಪರವಾಗಿ ತೀರ್ಪಿತ್ತವು. ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1912ರ ಜೂನ್ 10ರಂದು ಆ ನ್ಯಾಯಾಲಯ ಕೆಳಗಿನ ತೀರ್ಪುಗಳನ್ನು ತಳ್ಳಿಹಾಕಿತು. ಕಪ್ಪು ಜನರ ಸಂಘ ವರ್ಷಗಟ್ಟಲೆ ಬಹಿರಂಗವಾಗಿಯೇ ಆ ಹೆಸರನ್ನು ಬಳಸುತ್ತ ಬಂದಿದ್ದು, ಅದನ್ನು ತಿಳಿದೂ ಸುಮ್ಮನಿದ್ದವರು ಬಹುಕಾಲದ ಅನಂತರ ಬಂದು ತಡೆಯಾಜ್ಞೆ ಕೇಳುವುದು ನ್ಯಾಯಸಮ್ಮತವಲ್ಲವೆಂಬುದು ತೀರ್ಪಿನ ಮುಖ್ಯ ಆಧಾರ. ‘ಕ್ರೆಸ್ವಿಲ್ ಮೊಕದ್ದಮೆ’ ಎಂದು ಹೆಸರಾದ ಇದು, ಪ್ರತ್ಯೇಕತೆಯ ಕಾನೂನುಗಳು ದಕ್ಷಿಣದಲ್ಲಿ ಬಿಗಿಯಾಗುತ್ತಿದ್ದ ದಿನಗಳಲ್ಲಿ ಕಪ್ಪು ಜನರು ಸರ್ವೋಚ್ಚ ನ್ಯಾಯಾಲಯದಲ್ಲಿ ಗಳಿಸಿದ ವಿರಳ ವಿಜಯಗಳಲ್ಲಿ ಒಂದು.

ಇತರ ವಿರೋಧಗಳು

ರಹಸ್ಯ ವಿಧಿಗಳನ್ನುಳ್ಳ ಸಂಘಗಳ ಬಗ್ಗೆ ಕ್ರೈಸ್ತ ಚರ್ಚುಗಳಲ್ಲಿ ಸಂಶಯವಿತ್ತು. 1894ರಲ್ಲಿ ರೋಮನ್ ಕ್ಯಾಥೊಲಿಕ್ ಚರ್ಚಿನ ಆಜ್ಞೆಯೊಂದು ತನ್ನ ಅನುಯಾಯಿಗಳು ಆಡ್ ಫೆಲೋಸ್, ನೈಟ್ಸ್ ಆಫ್ ಪಿಥಿಯಸ್ ಮತ್ತು ಸನ್ಸ್ ಆಫ್ ಟೆಂಪರೆನ್ಸ್ ಸಂಘಗಳನ್ನು ಸೇರಕೂಡದೆಂದು ವಿಧಿಸಿತು.

ಭಾಷೆಯ ಪ್ರಶ್ನೆಯೂ ಸಂಘವನ್ನು ಒಡೆಯಿತು. ಜರ್ಮನಿಯಿಂದ ವಲಸೆ ಬಂದ ಅನೇಕ ಸದಸ್ಯರು ತಮ್ಮ ಲಾಡ್ಜ್‌ಗಳಲ್ಲಿ ವಿಧಿಗಳನ್ನು ಜರ್ಮನ್ ಭಾಷೆಯಲ್ಲಿ ನಡೆಸುತ್ತಿದ್ದರು. ವಿಧಿಗಳು ಇಂಗ್ಲಿಷಿನಲ್ಲಿಯೇ ನಡೆಯಬೇಕೆಂದು ಸುಪ್ರೀಂ ಲಾಡ್ಜ್ ನಿರ್ಣಯಿಸಿದಾಗ ಅವರಲ್ಲಿ ಹಲವರು ಹೊರಬಂದು 1895ರಲ್ಲಿ ಪ್ರತ್ಯೇಕ ಸಂಘವನ್ನು ಸ್ಥಾಪಿಸಿಕೊಂಡರು.

ಪ್ರಸಿದ್ಧ ಕಟ್ಟಡಗಳು

ಅಮೆರಿಕದ ಅನೇಕ ಪಟ್ಟಣಗಳಲ್ಲಿ ‘ಪಿಥಿಯನ್ ಟೆಂಪಲ್’ ಅಥವಾ ‘ಪಿಥಿಯನ್ ಕ್ಯಾಸಲ್’ ಎಂಬ ಹೆಸರಿನ ಹಳೆಯ ಕಟ್ಟಡಗಳು ಇಂದಿಗೂ ಕಾಣಸಿಗುತ್ತವೆ. ಸಾಮಾನ್ಯವಾಗಿ ನೆಲಮಹಡಿಯನ್ನು ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟು, ಮೇಲ್ಮಹಡಿಯಲ್ಲಿ ಸಭಾಂಗಣವನ್ನು ಇರಿಸಿಕೊಳ್ಳುತ್ತಿದ್ದರು.

ನ್ಯೂಯಾರ್ಕ್ ನಗರದ 70ನೆಯ ಬೀದಿಯಲ್ಲಿರುವ ಪಿಥಿಯನ್ ಟೆಂಪಲ್ 1927ರಲ್ಲಿ ನಿರ್ಮಾಣವಾಯಿತು. ಚಿತ್ರಮಂದಿರಗಳ ವಿನ್ಯಾಸಕ್ಕೆ ಹೆಸರಾಗಿದ್ದ ಥಾಮಸ್ ಲ್ಯಾಂಬ್ ಇದರ ವಾಸ್ತುಶಿಲ್ಪಿ. ಪ್ರಾಚೀನ ಈಜಿಪ್ಟ್ ಮತ್ತು ಬ್ಯಾಬಿಲೋನಿನ ಶೈಲಿಯ ಅಲಂಕಾರಗಳು ಇದರ ಮುಂಭಾಗದಲ್ಲಿವೆ. ಇದರ ಸಭಾಂಗಣವನ್ನು ಡೆಕ್ಕಾ ಕಂಪನಿ ಧ್ವನಿಮುದ್ರಣಕ್ಕೆ ಬಳಸುತ್ತಿತ್ತು. ರಾಕ್ ಸಂಗೀತದ ಇತಿಹಾಸದಲ್ಲಿ ಮೈಲಿಗಲ್ಲಾದ ಬಿಲ್ ಹೇಲಿಯ ‘ರಾಕ್ ಅರೌಂಡ್ ದಿ ಕ್ಲಾಕ್’ ಗೀತೆ 1954ರ ಏಪ್ರಿಲ್ 12ರಂದು ಇಲ್ಲಿಯೇ ಮುದ್ರಿತವಾಯಿತು. ಈಗ ಇದು ವಸತಿ ಸಮುಚ್ಚಯವಾಗಿದೆ.

ಕಪ್ಪು ಜನರ ಸಂಘವೂ ಭವ್ಯ ಕಟ್ಟಡಗಳನ್ನು ನಿರ್ಮಿಸಿತು. ನ್ಯೂ ಆರ್ಲಿಯನ್ಸ್‌ನ ಬಹುಮಹಡಿಯ ಟೆಂಪಲ್ 1909ರಲ್ಲಿ ಪೂರ್ಣಗೊಂಡಿತು. ಸಂಘದ ಮುಖ್ಯಸ್ಥ ಸ್ಮಿತ್ ವೆಂಡೆಲ್ ಗ್ರೀನ್ ಇದರ ರೂವಾರಿ. ಟೆಕ್ಸಸ್‌ನ ಡಲ್ಲಾಸ್ ನಗರದ ಟೆಂಪಲ್ 1916ರದು. ಇದನ್ನು ವಿನ್ಯಾಸಗೊಳಿಸಿದವನು ಕಪ್ಪು ವಾಸ್ತುಶಿಲ್ಪಿ ವಿಲಿಯಂ ಸಿಡ್ನಿ ಪಿಟ್‌ಮನ್. ಇವನು ಪ್ರಸಿದ್ಧ ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ನನ ಅಳಿಯ.

ಅವನತಿ ಮತ್ತು ಇಂದಿನ ಸ್ಥಿತಿ

1921ರ ಸುಮಾರಿಗೆ ಸಂಘದ ಸದಸ್ಯಬಲ 9 ಲಕ್ಷವನ್ನು ಮೀರಿತ್ತು. ಅಮೆರಿಕದ ಅಧ್ಯಕ್ಷರಾದ ವಾರೆನ್ ಹಾರ್ಡಿಂಗ್ ಮತ್ತು ಫ್ರಾಂಕ್ಲಿನ್ ರೂಸ್‌ವೆಲ್ಟ್ ಇದರ ಸದಸ್ಯರ ಸಾಲಿಗೆ ಸೇರುತ್ತಾರೆ. ಕಪ್ಪು ಜನರ ಸಂಘದ ಸದಸ್ಯರಲ್ಲಿ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಪ್ರಮುಖ.

1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತ ಸಂಘಕ್ಕೆ ಬಲವಾದ ಪೆಟ್ಟು ಕೊಟ್ಟಿತು. ಕೆಲಸ ಕಳೆದುಕೊಂಡವರಿಗೆ ಚಂದಾ ಕಟ್ಟಲಾಗಲಿಲ್ಲ. ನೆರವು ಹೆಚ್ಚಾಗಿ ಬೇಕಾದ ಹೊತ್ತಿಗೆ ಲಾಡ್ಜ್‌ಗಳ ಬೊಕ್ಕಸ ಬರಿದಾಗಿತ್ತು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಸಾಮಾಜಿಕ ಭದ್ರತಾ ಕಾಯಿದೆಯನ್ನು ಜಾರಿಗೆ ತಂದಿತು. ವೃದ್ಧಾಪ್ಯ ವೇತನವೂ ನಿರುದ್ಯೋಗ ವಿಮೆಯೂ ಸರ್ಕಾರದ ಹೊಣೆಯಾದವು. ಉದ್ಯೋಗದಾತರು ಒದಗಿಸುವ ವಿಮೆ, ಚಲನಚಿತ್ರ, ರೇಡಿಯೊ, ಮುಂದೆ ದೂರದರ್ಶನ ಇವೆಲ್ಲವೂ ಲಾಡ್ಜ್‌ನ ಸಂಜೆಗಳ ಆಕರ್ಷಣೆಯನ್ನು ಕುಗ್ಗಿಸಿದವು. 1970ರ ದಶಕದ ಕೊನೆಗೆ ಸದಸ್ಯರ ಸಂಖ್ಯೆ 2 ಲಕ್ಷಕ್ಕಿಂತ ಕೆಳಗಿಳಿಯಿತು. ಅನಂತರವೂ ಇಳಿಕೆ ಮುಂದುವರಿಯಿತು. ಉಳಿದಿರುವ ಲಾಡ್ಜ್‌ಗಳು ದಾನಕಾರ್ಯ, ಮಕ್ಕಳ ಬೇಸಿಗೆ ಶಿಬಿರ ಮುಂತಾದ ಸೇವೆಗಳಲ್ಲಿ ತೊಡಗಿವೆ.

ಮಹತ್ವ

ನೈಟ್ಸ್ ಆಫ್ ಪಿಥಿಯಸ್‌ನ ಇತಿಹಾಸ ಎರಡು ಕಾರಣಗಳಿಗಾಗಿ ಅಧ್ಯಯನಯೋಗ್ಯವಾಗಿದೆ. ಮೊದಲನೆಯದಾಗಿ, ಸರ್ಕಾರವು ಪ್ರಜೆಯ ಕಷ್ಟಕ್ಕೆ ಒದಗದಿದ್ದ ಕಾಲದಲ್ಲಿ ಸಾಮಾನ್ಯ ಗುಮಾಸ್ತರು, ಕುಶಲಕರ್ಮಿಗಳು, ಅಂಗಡಿಕಾರರು ತಮ್ಮೊಳಗೇ ಕಟ್ಟಿಕೊಂಡ ಭದ್ರತೆಯ ಜಾಲಕ್ಕೆ ಇದೊಂದು ಉತ್ತಮ ನಿದರ್ಶನ. ಎರಡನೆಯದಾಗಿ, ಒಂದು ಆದರ್ಶವನ್ನು ಸಾರುವುದಕ್ಕೂ ಅದನ್ನು ಎಲ್ಲರಿಗೂ ಅನ್ವಯಿಸುವುದಕ್ಕೂ ನಡುವಿನ ಅಂತರವನ್ನು ಇದು ತೋರಿಸುತ್ತದೆ. ಮೂಲ ಸಂಘವು ಬಾಗಿಲು ಮುಚ್ಚಿದಾಗ ಹೊರಗುಳಿದವರು ಡೇಮನ್-ಪಿಥಿಯಸರ ಕಥೆಯನ್ನು ತ್ಯಜಿಸಲಿಲ್ಲ. ಆ ಕಥೆ ತಮಗೂ ಸೇರಿದ್ದೆಂದು ವಾದಿಸಿ, ಅದರ ಹೆಸರಿನಲ್ಲಿಯೇ ತಮ್ಮ ವಿಧವೆಯರನ್ನೂ ಮಕ್ಕಳನ್ನೂ ಪೊರೆದರು. ಕೊನೆಗೆ ಆ ಹೆಸರಿನ ಹಕ್ಕನ್ನು ನ್ಯಾಯಾಲಯದಲ್ಲಿಯೂ ಉಳಿಸಿಕೊಂಡರು.